ಸಾಕೆಟ್ಟಿಗೆ ಹಚ್ಚಿದ ವಿಭೂತಿ

ನಿಮಗೂ ಈ ವಾಸನೆಯ ಪರಿಚಯ ಇದ್ದೇ ಇರುತ್ತದೆ. ಒಗ್ಗರಣೆ ಸೀದದ್ದಲ್ಲ, ಹಾಲು ಉಕ್ಕಿದ್ದೂ ಅಲ್ಲ. ಗೋಡೆಯ ಒಳಗೆಲ್ಲೋ ಪ್ಲಾಸ್ಟಿಕ್ಕು ಬಿಸಿಯಾಗಿ, ಕರಗಲೋ ಬೇಡವೋ ಎಂದು ಯೋಚನೆ ಮಾಡುತ್ತಿರುವಾಗ ಬರುವ ವಾಸನೆ. ಈ ಆಷಾಢದಲ್ಲಿ ಒಂದು ಬೆಳಿಗ್ಗೆ ಕಾಯಿಚಟ್ನಿಗೆಂದು ಮಿಕ್ಸಿಯ ಗುಂಡಿ ತಿರುಗಿಸಿದಾಗ ನಮ್ಮ ಅಡಿಗೆಮನೆಯಲ್ಲಿ ಅದು ಬಂತು. ಮಿಕ್ಸಿ ಒಂದು ಸಲ ಗುರ್ ಎಂದಿತು, ಇನ್ನೊಂದು ಸಲ ಅರ್ಧ ಗುರ್ ಎಂದಿತು, ಆಮೇಲೆ ಸುಮ್ಮನಾಯಿತು. ಪ್ಲಗ್ಗು ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿ.

ನಿಜ ಹೇಳಬೇಕೆಂದರೆ ಸಾಕೆಟ್ಟು ಕೆಟ್ಟು ಬಹಳ ದಿನವಾಗಿತ್ತು. ಎರಡು ವರ್ಷದಿಂದ ಪ್ಲಗ್ಗಿನ ಕೆಳಗೆ ಮೆಂತ್ಯದ ಡಬ್ಬ ಇಟ್ಟು, ಡಬ್ಬದ ಮೇಲೆ ಯಾರದೋ ಮಗಳ ಲಗ್ನಪತ್ರಿಕೆಯನ್ನು ನಾಲ್ಕಾಗಿ ಮಡಚಿ ಸೇರಿಸಿ, ಪ್ಲಗ್ಗು ಒಂದಿಷ್ಟು ಮೇಲಕ್ಕೆ ಒತ್ತಿಕೊಂಡಿರುವ ಹಾಗೆ ಮಾಡಿ ಕಾಲ ತಳ್ಳುತ್ತಿದ್ದೆ. ನನ್ನ ಈ ವ್ಯವಸ್ಥೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಮೂವತ್ತೆರಡು ವರ್ಷ ಮೈಸೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು ನಾನು. ವಿದ್ಯುತ್ತು ಎಂದರೇನು, ಅದು ಯಾಕೆ ಹರಿಯುತ್ತದೆ, ಎಲ್ಲಿ ತಡೆಯುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದಕ್ಕೆ ಲೆಕ್ಕವಿಲ್ಲ. ಆದರೆ ಒಂದು ಸ್ಕ್ರೂಡ್ರೈವರನ್ನು ಮಾತ್ರ ನನ್ನ ವಿದ್ಯಾರ್ಥಿಗಳ್ಯಾರೂ ನನ್ನ ಕೈಯಲ್ಲಿ ನೋಡಿರಲಾರರು.

ಚಾಮರಾಜಪುರಂನ ಈ ಮನೆಯಲ್ಲಿ ನಾನೊಬ್ಬನೇ. ಮದುವೆ ಯಾಕಾಗಲಿಲ್ಲ ಎಂಬುದನ್ನು ಹೇಳಲು ಹೊರಟರೆ ಸಾಕೆಟ್ಟಿನ ಕಥೆ ಇಲ್ಲಿಗೇ ನಿಂತುಬಿಡುತ್ತದೆ, ಅದು ಅಂಥ ಸ್ವಾರಸ್ಯದ ವಿಷಯವೂ ಅಲ್ಲ. ಒಬ್ಬನಿಗೆ ಬೇಕಾಗುವ ಚಟ್ನಿ ಎಷ್ಟು? ಮಿಕ್ಸಿಯ ಚಿಕ್ಕ ಜಾರಿನಲ್ಲೂ ಕಾಯಿತುರಿ ಬ್ಲೇಡಿಗೆ ಸಿಗದೆ ಗೋಡೆಗೆ ಹತ್ತಿಕೊಂಡು ಕೂರುತ್ತದೆ. ಜಾರು ಬಿಚ್ಚಿ, ಚಮಚದಲ್ಲಿ ಕೆಳಗೆ ತಳ್ಳಿ, ಮತ್ತೆ ತಿರುಗಿಸಬೇಕು. ಒಬ್ಬರೇ ಇರುವವರಿಗೆ ಮಾತ್ರ ಗೊತ್ತಿರುವ ತೊಂದರೆ ಇದು. ಹಾಗಾಗಿ ನಾನು ಯಾವಾಗಲೂ ಇಬ್ಬರಿಗಾಗುವಷ್ಟು ರುಬ್ಬುತ್ತೇನೆ, ಉಳಿದದ್ದನ್ನು ರಾತ್ರಿ ತಿನ್ನುತ್ತೇನೆ.

ಇರಲಿ. ಮಿಕ್ಸಿಯನ್ನು ಹಾಲಿಗೆ ಹೊತ್ತುಕೊಂಡು ಹೋಗಿ ಟೀವಿಯ ಸಾಕೆಟ್ಟಿಗೆ ಹಾಕಿದೆ, ಚೆನ್ನಾಗಿಯೇ ತಿರುಗಿತು. ಅಲ್ಲಿಗೆ ತಪ್ಪು ಮಿಕ್ಸಿಯದಲ್ಲ ಎಂದಾಯಿತು. ಟೆಸ್ಟರು ತಂದು ಅಡಿಗೆಮನೆಯ ಸಾಕೆಟ್ಟಿನ ಬಲಗಡೆಯ ತೂತಿಗೆ ಇಟ್ಟೆ, ಕೆಂಪಗೆ ಉರಿಯಿತು. ಕರೆಂಟು ಇದೆ! ಕರೆಂಟು ಇದ್ದೂ ಮಿಕ್ಸಿ ತಿರುಗುವುದಿಲ್ಲ! ಕಾಲು ಗಂಟೆ ಆ ಟೆಸ್ಟರನ್ನು ಹಿಡಿದುಕೊಂಡು ಪೆದ್ದನ ಹಾಗೆ ನಿಂತಿದ್ದೆ. ಆಮೇಲೆ ನನ್ನದೇ ಪಾಠ ನನಗೆ ನೆನಪಾಯಿತು. ಕರೆಂಟು ಬರುವುದಕ್ಕೊಂದು ದಾರಿ ಇರುವಂತೆ ವಾಪಸು ಹೋಗುವುದಕ್ಕೂ ಒಂದು ದಾರಿ ಬೇಕು. ಟೆಸ್ಟರು ಬರುವ ದಾರಿಯನ್ನಷ್ಟೇ ತೋರಿಸುತ್ತದೆ. ಎಡಗಡೆಯ ತೂತು, ಅಂದರೆ ವಾಪಸು ಹೋಗುವ ನ್ಯೂಟ್ರಲ್ ತಂತಿಯ ಕಡೆ, ಏನೋ ಕೆಟ್ಟಿದೆ.

ಮೂವರು ಎಲೆಕ್ಟ್ರಿಷಿಯನ್ನರಿಗೆ ಫೋನು ಮಾಡಿದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು ಸಾಯಂಕಾಲ ಬರುತ್ತೇನೆಂದರು, ಬರಲಿಲ್ಲ. ಮೂರನೆಯವರು ಉದಯಗಿರಿಯವರು, ಬಹಳ ಪ್ರಾಮಾಣಿಕರು. “ಒಂದು ಸಾಕೆಟ್ಗೆ ಅಷ್ಟು ದೂರ ಬರಕ್ಕಾಗಲ್ಲ ಸಾರ್, ಇನ್ನೊಂದೆರಡು ಕೆಲಸ ಕೂಡ್ಕೊಂಡ್ಮೇಲೆ ಫೋನ್ ಮಾಡಿ” ಎಂದರು. ಮನೆಯಲ್ಲಿ ಇನ್ನೇನು ಕೆಟ್ಟಿದೆ ಎಂದು ಸುತ್ತ ನೋಡಿದೆ. ಎಲ್ಲವೂ ಸರಿಯಾಗಿತ್ತು. ಆಗ ಸಿದ್ದರಾಜುವಿನ ನೆನಪು ಬಂತು. ಬಂತು ಎಂದರೆ ಸುಳ್ಳು, ಅವನ ನೆನಪನ್ನು ನಾಲ್ಕು ವರ್ಷದಿಂದ ಬಾಗಿಲ ಹೊರಗೆ ನಿಲ್ಲಿಸಿದ್ದೆ.

ಸಿದ್ದರಾಜು ಊರಿನ ಆಚೆ ತುದಿಯ ಕೆಸರೆಯವನು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವನು. ಅಡಿಗೆಮನೆಗೆ ಹೊಸದಾಗಿ ವೈರಿಂಗು ಮಾಡಿಸಿದಾಗ ಬಂದಿದ್ದ. ಕೆಲಸದಲ್ಲಿ ಅಚ್ಚುಕಟ್ಟು, ಮಾತು ಕಮ್ಮಿ. ಅವನು ಆಯುಧಪೂಜೆಯ ಮಾರನೆಯ ಬೆಳಿಗ್ಗೆ ನಮ್ಮ ಮನೆಗೆ ಬರುವುದನ್ನು ಯಾವಾಗ ಶುರುಮಾಡಿದ, ಯಾಕೆ ಶುರುಮಾಡಿದ ಎಂದು ನಾನು ಯೋಚಿಸಿದವನೇ ಅಲ್ಲ. ಎಂಟು ಒಂಬತ್ತು ವರ್ಷವಾದರೂ ಬಂದಿರಬೇಕು. ಅದು ವಿಜಯದಶಮಿಯ ದಿನ. ಊರಿಗೆ ಊರೇ ಮೆರವಣಿಗೆಗೆ ಜಾಗ ಹಿಡಿಯಲು ಎದ್ದು ಹೊರಟಿರುತ್ತದೆ. ನಮ್ಮ ಬೀದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ಏಳು ಗಂಟೆಗೆ ಸರಿಯಾಗಿ ಅವನ ಮೊಪೆಡ್ಡು ಗೇಟಿನ ಮುಂದೆ ನಿಲ್ಲುತ್ತಿತ್ತು.

ಒಳಗೆ ಬಂದವನು ನಮಸ್ಕಾರಕ್ಕಿಂತ ಮೊದಲು ಕೇಳುತ್ತಿದ್ದುದು ಒಂದೇ ಮಾತು. “ಮಿಕ್ಸಿ ಆಕಿಲ್ಲ ತಾನೆ ಸಾ?”

ಚಟ್ನಿ ಇನ್ನೂ ಆಗಿಲ್ಲವೆ ಎಂದು ಕೇಳುತ್ತಿದ್ದಾನೆ, ಪಾಪ, ಹಸಿದಿದ್ದಾನೆ ಎಂದು ನಾನು ಅರ್ಥಮಾಡಿಕೊಂಡೆ. ನನ್ನ ಬುದ್ಧಿ ಓಡಿದ್ದು ಅಷ್ಟೇ ದೂರ. “ಇಲ್ಲಪ್ಪ, ಕೂತ್ಕೊ, ಉಪ್ಪಿಟ್ಟು ಮಾಡ್ತೀನಿ” ಎನ್ನುತ್ತಿದ್ದೆ. “ನೀವ್ ಮಾಡಿ ಸಾ, ನಾನೊಂಚೂರು ಬೋರ್ಡ್ ನೋಡ್ತೀನಿ. ಒಂದ್ ಅಳೇ ಪೇಪರ್ ಕೊಡಿ” ಎಂದು, ಮೆಯಿನ್ ಆಫ್ ಮಾಡಿ, ಸಾಕೆಟ್ಟಿನ ಮುಂದೆ ಏನೋ ಮಾಡುತ್ತಿದ್ದ. ನಾನು ಈರುಳ್ಳಿ ಹೆಚ್ಚುತ್ತ ಅವನಿಗೆ ಬೆನ್ನು ಹಾಕಿರುತ್ತಿದ್ದೆ. ಉಪ್ಪಿಟ್ಟು ಆಗುವ ಹೊತ್ತಿಗೆ ಅವನ ಕೆಲಸವೂ ಆಗಿರುತ್ತಿತ್ತು. ಪೇಪರನ್ನು ಸಣ್ಣ ಪೊಟ್ಟಣ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು, ಮೇಜಿನ ಆಚೆ ಬದಿಗೆ ಕೂತು ತಿನ್ನುತ್ತಿದ್ದ. ದುಡ್ಡು ಕೊಡಲು ಹೋದರೆ “ಕೆಲ್ಸಾನೇ ಮಾಡಿಲ್ವಲ್ಲ ಸಾ” ಎನ್ನುತ್ತಿದ್ದ. ಆ ಮೇಜಿಗೆ ಎದುರುಬದುರಾಗಿ ಎರಡು ಕುರ್ಚಿಗಳಿವೆ. ವರ್ಷದಲ್ಲಿ ಎರಡನೆಯ ಕುರ್ಚಿಯ ಮೇಲೆ ಒಬ್ಬರು ಕೂತು ತಿಂಡಿ ತಿಂದ ದಿನ ಅದೊಂದೇ ಇರಬೇಕು. ಇದು ಕೂಡ ಆಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಇನ್ನು ಆಯುಧಪೂಜೆಯ ವಿಷಯ. ನಾವು ವಿಭೂತಿ ಹಚ್ಚುವ ಮನೆತನದವರು. ನಮ್ಮ ತಂದೆಯ ಕಾಲದಲ್ಲಿ ಆಯುಧ ಎಂದರೆ ಈಳಿಗೆಮಣೆ, ಹಾರೆ, ಒಂದು ಸೈಕಲ್ಲು. ನನ್ನ ಕಾಲಕ್ಕೆ ಫ್ರಿಜ್ಜು, ಗೀಸರು, ಮಿಕ್ಸಿ, ಪಂಪು, ಎಲ್ಲ ಬಂದವು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಚೆನ್ನಾಗಿ ತೇದು, ಮೂರು ಬೆರಳು ಅದ್ದಿ, ಒಂದೊಂದಕ್ಕೂ ಮೂರು ಪಟ್ಟೆ ಎಳೆದು ಕುಂಕುಮ ಇಡುತ್ತಿದ್ದೆ. ಯಂತ್ರಗಳಿಗೆಲ್ಲ ಮೂಲ ಯಾವುದು, ವಿದ್ಯುತ್ತು ಅಲ್ಲವೆ? ಹಾಗಾಗಿ ಸಾಕೆಟ್ಟಿಗೆ ವಿಶೇಷ ಪೂಜೆ. ಅದರ ಮುಖದ ಮೇಲೆ ಅಡ್ಡಲಾಗಿ ಮೂರು ದಪ್ಪ ಪಟ್ಟೆ. ಮೇಲ್ಗಡೆಯ ದೊಡ್ಡ ತೂತು ಅರ್ಥಿಂಗಿನದು, ಅದರಲ್ಲಿ ಕರೆಂಟು ಇರುವುದಿಲ್ಲ ಎಂಬ ಭೌತಶಾಸ್ತ್ರದ ಧೈರ್ಯದಿಂದ ಅದರೊಳಕ್ಕೆ ಒಂದು ಸೇವಂತಿಗೆ ಹೂವನ್ನು ತೊಟ್ಟಿನ ಸಮೇತ ಸಿಕ್ಕಿಸುತ್ತಿದ್ದೆ. ನೋಡಲು ಬಹಳ ಲಕ್ಷಣವಾಗಿರುತ್ತಿತ್ತು. ನಗಬೇಡಿ. ಹಬ್ಬದ ದಿನ ಕೈಯಲ್ಲಿ ವಿಭೂತಿ ಹಿಡಿದು ನಿಂತರೆ, ನನ್ನ ಹಣೆಯೊಂದನ್ನು ಬಿಟ್ಟು ಈ ಮನೆಯಲ್ಲಿ ಹಚ್ಚಲು ಇನ್ನೊಂದು ಹಣೆ ಇರಲಿಲ್ಲ. ಉಳಿದದ್ದನ್ನು ಎಲ್ಲಿಗಾದರೂ ಹಚ್ಚಬೇಕಲ್ಲ.

ಪೂಜೆ ಮಾಡಿದ ಆಯುಧವನ್ನು ಆವತ್ತು ಬಳಸಬಾರದು ಎಂಬುದು ನಮ್ಮಲ್ಲಿನ ಪದ್ಧತಿ. ಆದ್ದರಿಂದ ಮಿಕ್ಸಿ ಮತ್ತೆ ತಿರುಗುವುದು ಮಾರನೆಯ ಬೆಳಿಗ್ಗೆಯೇ. ಇಷ್ಟು ಹೇಳಿದ ಮೇಲೆ ಸಿದ್ದರಾಜು ಯಾಕೆ ಏಳು ಗಂಟೆಗೇ ಬರುತ್ತಿದ್ದ ಎಂಬುದು ನಿಮಗೆ ಆಗಲೇ ಹೊಳೆದಿರಬಹುದು. ನನಗೆ ಹೊಳೆಯಲು ಹದಿಮೂರು ವರ್ಷ ಬೇಕಾಯಿತು.

ನಾಲ್ಕು ವರ್ಷದ ಹಿಂದೆ, ಆ ಸಲದ ದಸರೆಗೆ ನಂಜನಗೂಡಿನಿಂದ ನಮ್ಮ ಅಕ್ಕನ ಗಂಡ, ಭಾವ, ಬಂದು ಉಳಿದುಕೊಂಡಿದ್ದರು. ಭಾವನವರು ಮಾತಿನಲ್ಲಿ ಚುರುಕು. ಅವರ ಮುಂದೆ ನಾನು ಯಾವಾಗಲೂ ಸ್ವಲ್ಪ ಹೆಚ್ಚು ಬುದ್ಧಿವಂತನಾಗಲು ಹೋಗುತ್ತೇನೆ. ಸಿದ್ದರಾಜು ಅಡಿಗೆಮನೆಯಲ್ಲಿದ್ದಾಗ ಭಾವನವರು ಹಿಂದಿನ ದಿನದ ಪೇಪರಿನಿಂದ ತಲೆಯೆತ್ತಿ, “ಏನಯ್ಯ, ಕರೀದೆ ಬಂದು, ದುಡ್ಡೂ ಬೇಡ ಅಂತಾನೆ ಅಂದ್ರೆ ಅವನಿಗೇನೋ ಗಿಟ್ಟುತ್ತೆ ಕಣಯ್ಯ. ಆ ಪೊಟ್ಟಣದಲ್ಲಿ ಏನು ತಗೊಂಡು ಹೋಗ್ತಾನೆ, ಯಾವತ್ತಾದ್ರೂ ನೋಡಿದೀಯಾ?” ಎಂದರು.

ನಾನು ನೋಡಿರಲಿಲ್ಲ. ಸಿದ್ದರಾಜು ಕೈ ತೊಳೆದು ಹಾಲಿಗೆ ಬಂದ. ಜೇಬಿನಲ್ಲಿ ಎಂದಿನಂತೆ ಪೊಟ್ಟಣವಿತ್ತು. ನಾನು ನಗುತ್ತಲೇ ಕೇಳಿದೆ, ತರಗತಿಯಲ್ಲಿ ಹಿಂದಿನ ಬೆಂಚಿನವರನ್ನು ಕೇಳುತ್ತಿದ್ದ ಧಾಟಿಯಲ್ಲಿ. “ಏನಪ್ಪ ರಾಜು, ವರ್ಷಾವರ್ಷ ಪೊಟ್ಟಣ ಕಟ್ಕೊಂಡು ಹೋಗ್ತೀಯಲ್ಲ, ಏನದು? ನಮ್ಮ ಭಾವನವರಿಗೂ ಒಂದು ಸಲ ಬಿಚ್ಚಿ ತೋರಿಸು.”

ಅವನ ಕೈ ಜೇಬಿನ ಮೇಲೆ ಹೋಯಿತು. ನನ್ನನ್ನು ನೋಡಿದ, ಭಾವನವರನ್ನು ನೋಡಿದ. “ಏನಿಲ್ಲ ಸಾ” ಎಂದ.

“ಏನಿಲ್ಲದ್ದನ್ನ ಯಾರಾದ್ರೂ ಜೇಬಲ್ಲಿ ಇಟ್ಕೊಳ್ತಾರಾ?” ಎಂದೆ. ಭಾವನವರು ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ.

ಅವನು ನಗಲಿಲ್ಲ. “ಬತ್ತೀನಿ ಸಾ” ಎಂದು ಚಪ್ಪಲಿ ಮೆಟ್ಟಿಕೊಂಡ. ಉಪ್ಪಿಟ್ಟು ಒಲೆಯ ಮೇಲೆ ಹಾಗೇ ಇತ್ತು. ಮೊಪೆಡ್ಡು ದೂರವಾಗುವ ಸದ್ದು ಬಹಳ ಹೊತ್ತು ಕೇಳಿಸಿತು, ಬೀದಿ ಅಷ್ಟು ಖಾಲಿಯಾಗಿತ್ತು.

ಮುಂದಿನ ವಿಜಯದಶಮಿ ಅವನು ಬರಲಿಲ್ಲ. ಒಂಬತ್ತು ಗಂಟೆಯವರೆಗೂ ನಾನು ಮಿಕ್ಸಿ ಹಾಕಲಿಲ್ಲ. ಆಮೇಲೆ ಹಾಕಿದೆ. ಫೋನು ಮಾಡಬಹುದಿತ್ತು. ಡೈರಿಯಲ್ಲಿ ನಂಬರಿತ್ತು, ಅವನ ಮನೆ ನೀರಿನ ಟ್ಯಾಂಕಿನ ಹತ್ತಿರ ಎಂಬುದೂ ಗೊತ್ತಿತ್ತು. ಆದರೆ ಏನೆಂದು ಮಾಡುವುದು? ಯಾವ ಸಾಮಾನೂ ಕಾಣೆಯಾಗಿರಲಿಲ್ಲ, ಏನೂ ಕೆಟ್ಟಿರಲಿಲ್ಲ. ಕರೆಯಲು ಕಾರಣವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾಚಿಕೆಯಾಗುತ್ತಿತ್ತು, ಅದನ್ನು ಒಪ್ಪಿಕೊಳ್ಳಲು ಇನ್ನೂ ನಾಚಿಕೆ. ಅದರ ಮರುವರ್ಷದಿಂದ ಪ್ಲಗ್ಗಿನ ಕೆಳಗೆ ಮೆಂತ್ಯದ ಡಬ್ಬ ಬಂತು.

ಈಗ ಆಷಾಢಕ್ಕೆ ವಾಪಸು ಬರೋಣ. ಎಲೆಕ್ಟ್ರಿಷಿಯನ್ನರು ಕೈಕೊಟ್ಟ ಮೇಲೆ, ಮೂರು ದಿನ ಹಾಲಿನಲ್ಲಿ ಟೀವಿಯ ಮುಂದೆ ಚಟ್ನಿ ರುಬ್ಬಿ ಸಾಕಾಗಿ, ನಾಲ್ಕನೆಯ ದಿನ ಮೆಯಿನ್ ಆಫ್ ಮಾಡಿದೆ. ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ, ನನ್ನ ಪ್ರಾಣದ ಮೇಲೆ ನನಗೆ ಇನ್ನೂ ಆಸೆಯಿದೆ. ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿ, ಬಿಳಿಯ ಶೀಟನ್ನು ಮೆಲ್ಲಗೆ ಮುಂದಕ್ಕೆ ಎಳೆದು, ಕನ್ನಡಕ ಸರಿಮಾಡಿಕೊಂಡು ಸಾಕೆಟ್ಟಿನ ಹಿಂಭಾಗ ನೋಡಿದೆ.

ವಿಭೂತಿ. ಬೆಳ್ಳಗೆ, ಬೂದುಬಣ್ಣಕ್ಕೆ, ಅಲ್ಲಲ್ಲಿ ಕುಂಕುಮ ಸೇರಿ ಕೆಂಪಗೆ, ತೂತುಗಳಿಂದ ಒಳಕ್ಕೆ ಇಳಿದು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ನ್ಯೂಟ್ರಲ್ ತಂತಿ ಕೂರುವ ಹಿತ್ತಾಳೆಯ ಸ್ಕ್ರೂ ಹಸಿರು ಕಿಲುಬು ಹತ್ತಿ ಗುರುತೇ ಸಿಗದ ಹಾಗಿತ್ತು, ಅದರ ಸುತ್ತ ಪ್ಲಾಸ್ಟಿಕ್ಕು ಸುಟ್ಟು ಕಪ್ಪಾಗಿತ್ತು. ಅರ್ಥಿಂಗಿನ ತೂತಿನಲ್ಲಿ ಒಣಗಿದ ಸೇವಂತಿಗೆಯ ತೊಟ್ಟುಗಳು ಮೂರೋ ನಾಲ್ಕೋ ಮುರಿದುಕೊಂಡಿದ್ದವು. ತೊಟ್ಟುಗಳ ಕೆಳಗೆ ಒಂದು ಕಪ್ಪು ವಸ್ತು ಕಂಡಿತು. ಎಳೆದು ನೋಡಿದರೆ ಸೈಕಲ್ ಟ್ಯೂಬಿನ ಒಂದು ತುಂಡು. ಹೂವಿನ ತೊಟ್ಟಿನಿಂದ ನೀರು ತೊಟ್ಟಿಕ್ಕಿದರೆ ತಂತಿಗೆ ತಾಗದೆ ಪಕ್ಕಕ್ಕೆ ಜಾರಿಹೋಗಲೆಂದು, ಅದನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಮಡಚಿ, ಒಳಗೆ ಸೇರಿಸಿದ್ದರು. ಸೇರಿಸಿದ್ದರು ಏನು, ಸಿದ್ದರಾಜು ಸೇರಿಸಿದ್ದ. ಈ ಬೋರ್ಡನ್ನು ಅವನೊಬ್ಬನನ್ನು ಬಿಟ್ಟು ಯಾರೂ ಬಿಚ್ಚಿರಲಿಲ್ಲ.

ಮಿಕ್ಸಿ ಆಕಿಲ್ಲ ತಾನೆ ಸಾ. ಒಂದ್ ಅಳೇ ಪೇಪರ್ ಕೊಡಿ. ಏನಿಲ್ಲ ಸಾ.

ನಾನು ಅಡಿಗೆಮನೆಯ ಕಟ್ಟೆಗೆ ಒರಗಿಕೊಂಡು ನಿಂತುಬಿಟ್ಟೆ. ನಾಲ್ಕು ವರ್ಷದ ಹಿಂದಿನ ನನ್ನ ನಗು ನನಗೇ ಕೇಳಿಸಿತು. ಅಳು ಬಂತು ಎಂದು ಬರೆಯಲು ಸಂಕೋಚವಾಗುತ್ತದೆ, ಆದರೆ ಬಂದದ್ದು ಅದೇ.

ಡೈರಿಯ ನಂಬರು ಚಾಲ್ತಿಯಲ್ಲಿರಲಿಲ್ಲ. ಸುಟ್ಟ ಸಾಕೆಟ್ಟನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಕೆಸರೆಯ ಬಸ್ಸು ಹತ್ತಿದೆ. ಟ್ಯಾಂಕಿನ ಹತ್ತಿರ ಕೇಳಿದ ಎರಡನೆಯವರೇ ಮನೆ ತೋರಿಸಿದರು. ಶೀಟು ಹೊದಿಸಿದ ಜಗಲಿಯ ಮೇಲೆ ಸಿದ್ದರಾಜು ಚಾಪೆ ಹಾಕಿಕೊಂಡು ಕೂತು, ಸುಟ್ಟುಹೋದ ಫ್ಯಾನೊಂದಕ್ಕೆ ತಂತಿ ಸುತ್ತುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತ.

“ಬನ್ನಿ ಸಾ. ಎಂಗಿದ್ದೀರಾ? ಏಯ್, ಮೇಷ್ಟ್ರು ಬಂದವ್ರೆ, ಟೀ ಮಾಡು” ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದ.

ನಾನು ಮಾತಿಗಿಂತ ಮೊದಲು ಸಾಕೆಟ್ಟನ್ನು ತೆಗೆದು ಅವನ ಕೈಗೆ ಕೊಟ್ಟೆ. ತಿರುಗಿಸಿ ನೋಡಿದ. ಬೆರಳಿನಿಂದ ಕೆರೆದು, “ಗಟ್ಟಿಯಾಗ್ಬುಟ್ಟದೆ” ಎಂದ, ಅಷ್ಟೇ.

“ಮೊದಲೇ ಹೇಳಬಾರದಿತ್ತಾ ನೀವು?” ಎಂದೆ. ಅಷ್ಟು ವರ್ಷ ನೀನು ಎಂದವನಿಗೆ ಆವತ್ತು ನಾಲಗೆ ತಾನಾಗಿ ನೀವು ಎಂದಿತು.

“ಇದೇನ್ ಸಾ ನೀವು ಗೀವು” ಎಂದು ಅವನು ಕಸಿವಿಸಿಗೊಂಡ. “ಎಂಗೆ ಯೋಳಾದು ಸಾ? ನೀವು ಕರೆಂಟ್ ಪಾಟ ಮಾಡೋರು. ಪೂಜೆ ಬೇರೆ. ಪೂಜೆ ಮಾಡೋರ್ಗೆ ಬ್ಯಾಡ ಅನ್ನಕಾಯ್ತದಾ? ವರ್ಸಕ್ಕೊಂದ್ ದಪ ಬ್ರಸ್ ಆಕಿ ತೆಗುದ್ರೆ ಆಯ್ತಿತ್ತು.”

“ಮತ್ತೆ ಪೊಟ್ಟಣ ಕಟ್ಟಿಕೊಂಡು ಹೋಗ್ತಿದ್ದಿದ್ದು?”

“ಇಬೂತಿ ಅಲ್ವಾ ಸಾ. ಕಸದ ಬುಟ್ಟಿಗಾಕಾಕಾಯ್ತದಾ? ತಂದು ಇಲ್ಲಿ ತುಳ್ಸಿ ಗಿಡದ ಬುಡಕ್ಕಾಕ್ತಿದ್ದೆ.” ಜಗಲಿಯ ಅಂಚಿನಲ್ಲಿ ಪೇಂಟಿನ ಡಬ್ಬದೊಳಗೆ ತುಳಸಿ ಗಿಡವಿತ್ತು.

ನಾನು ಬಸ್ಸಿನಲ್ಲಿ ಬರುವಾಗ ತಯಾರು ಮಾಡಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. “ತಪ್ಪಾಯ್ತು ರಾಜು” ಎಂದೆ.

ಇಂಥ ಸಂದರ್ಭದಲ್ಲಿ ಎದುರಿನವರು “ಅಯ್ಯೋ, ಬಿಡಿ ಸಾರ್” ಎನ್ನುವುದು ರೂಢಿ. ನಾವು ಕ್ಷಮೆ ಕೇಳುವುದೂ ಆ ಭರವಸೆಯ ಮೇಲೆಯೇ. ಸಿದ್ದರಾಜು ಹಾಗನ್ನಲಿಲ್ಲ. ಚಾಪೆಯ ಮೇಲೆ ಕೂತು, ತಂತಿಯನ್ನು ಎರಡು ಸುತ್ತು ಸುತ್ತಿದ. “ಊಂ ಸಾ” ಎಂದ. “ಆಯ್ತು.”

ನಾನೇ ಮತ್ತೆ ಕೇಳಿದೆ. “ಆವತ್ತು ಬಿಚ್ಚಿ ತೋರಿಸಿಬಿಡಬಹುದಿತ್ತಲ್ಲ. ನನ್ನ ಬಾಯಿ ಅಲ್ಲೇ ಮುಚ್ಚಿಹೋಗ್ತಿತ್ತು.”

“ಬಿಚ್ಚಿದ್ರೆ ನಿಮ್ ಬಾವ್ನೋರು ನಗಾಡೋರು ಸಾ. ಕರೆಂಟ್ ಮೇಷ್ಟ್ರೇ ಸಾಕೆಟ್ಗೆ ಇಬೂತಿ ಮೆತ್ತವ್ರೆ ಅಂತ. ಅವ್ರು ನಿಮ್ಗೆ ನಂಟ್ರು, ವರ್ಸೆಲ್ಲಾ ಆಡ್ಕೊಳ್ಳೋರು.” ತಲೆಯೆತ್ತದೆಯೇ ಹೇಳಿದ. “ನಂದೇನು ಬುಡಿ. ನಾನು ಎದ್ದೋಗೋನು.”

ಟೀ ಬಂತು. ಕುಡಿದೆ, ರುಚಿ ಗೊತ್ತಾಗಲಿಲ್ಲ. ಅವನು ಒಳಗೆ ಹೋಗಿ ಒಂದು ಹೊಸ ಸಾಕೆಟ್ಟು ತಂದು ಕೊಟ್ಟ. “ನೀವೇ ಆಕ್ಬೋದು ಸಾ, ಏನ್ ಕಷ್ಟ ಇಲ್ಲ. ಕೆಂಪು ಬಲಕ್ಕೆ, ಕಪ್ಪು ಎಡಕ್ಕೆ, ಹಸ್ರು ಮ್ಯಾಲಕ್ಕೆ. ತಂತಿ ತುದಿ ಚೆಂದಾಗಿ ಕೆರ್ದು, ಮಡಚಿ ಆಕಿ. ಸ್ಕ್ರೂ ಬಿಗಿ ಮಾಡಿದ್ಮೇಲೆ ತಂತಿ ಒಂದ್ ಕಿತಾ ಎಳ್ದು ನೋಡಿ. ಬರಬಾರ್ದು.”

ಹೊರಡುವಾಗ, “ಈ ಸಲ ಆಯುಧಪೂಜೆ ಆದ್ಮೇಲೆ ಬಾ ರಾಜು” ಎಂದೆ.

“ನೋಡಾಣ ಸಾ” ಎಂದ.

ನೀವು ನಮ್ಮ ಸೀಮೆಯವರಾಗಿದ್ದರೆ ಆ ಮಾತಿನ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲ ಎನ್ನಲು ಮನಸ್ಸು ಬಾರದವರು ಹೇಳುವ ಇಲ್ಲ ಅದು. ಅವನಿಗೆ ಕೋಪವಿರಲಿಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಬರಲು ಅವನಿಗೆ ಮನಸ್ಸಿರಲಿಲ್ಲ, ಅಷ್ಟೇ.

ಮನೆಗೆ ಬಂದು ಅವನು ಹೇಳಿದ ಹಾಗೆ ಮಾಡಿದೆ. ತಂತಿ ಕೆರೆದು, ಮಡಚಿ, ಬಿಗಿಮಾಡಿ, ಎಳೆದು ನೋಡಿದೆ. ಬರಲಿಲ್ಲ. ಫ್ಯೂಸು ಹಾಕಿ ಮಿಕ್ಸಿ ತಿರುಗಿಸಿದರೆ ಒಂದೇ ಸದ್ದಿನಲ್ಲಿ ಓಡಿತು. ಅರವತ್ತೆಂಟನೆಯ ವಯಸ್ಸಿಗೆ ಜೀವನದಲ್ಲಿ ಮೊದಲ ಬಾರಿಗೆ ಒಂದು ಸಾಕೆಟ್ಟು ಹಾಕಿದ್ದೆ. ಸಂತೋಷವಾಗಬೇಕಿತ್ತು. ಆದರೆ ಮಿಕ್ಸಿ ನಿಲ್ಲಿಸಿದ ಮೇಲೆ ಮನೆಯಲ್ಲಿ ಉಳಿದ ಮೌನದಲ್ಲಿ ನನಗೆ ಗೊತ್ತಾದದ್ದು ಬೇರೆ. ಸಾಕೆಟ್ಟು ಸರಿಹೋಗಿತ್ತು. ಇನ್ನು ಕೆಸರೆಗೆ ಹೋಗಲು ನನಗೆ ಯಾವ ನೆಪವೂ ಇರಲಿಲ್ಲ.

ಎರಡು ವಾರ ತಡೆದುಕೊಂಡೆ. ಮೂರನೆಯ ಭಾನುವಾರ ಬಸ್ಸು ಹತ್ತಿದೆ. ಸಿದ್ದರಾಜು ನನ್ನನ್ನು ಕಂಡು ಗಾಬರಿಯಾಗಿ, “ಏನ್ ಸಾ, ತಿರ್ಗಾ ಕೆಟ್ಟೋಯ್ತಾ?” ಎಂದ.

“ಇಲ್ಲ ಕಣೋ. ಸುಮ್ಮನೆ ಬಂದೆ.”

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಸಾಮಾನನ್ನೆಲ್ಲ ಒಂದು ಬದಿಗೆ ತಳ್ಳಿ, ಚಾಪೆಯ ಮೇಲೆ ಜಾಗ ಮಾಡಿಕೊಟ್ಟ.

ಈಗ ಶ್ರಾವಣವೂ ಮುಗಿಯುತ್ತ ಬಂತು. ಭಾನುವಾರಗಳಂದು ಹೋಗುತ್ತೇನೆ. ಹೆಚ್ಚು ಮಾತೇನೂ ಇರುವುದಿಲ್ಲ. ಅವನು ತಂತಿ ಸುತ್ತುತ್ತಾನೆ, ನಾನು ಉಂಡೆಯನ್ನು ಹಿಡಿದುಕೊಂಡು ಎಳೆ ಬಿಡುತ್ತೇನೆ, ಜಾಸ್ತಿ ಬಿಟ್ಟರೆ ಬೈಸಿಕೊಳ್ಳುತ್ತೇನೆ. ಅವನು ಮಾತ್ರ ನಮ್ಮ ಮನೆಗೆ ಇನ್ನೂ ಬಂದಿಲ್ಲ. ನಾನೂ ಮತ್ತೆ ಕರೆದಿಲ್ಲ. ಕರೆದರೆ ಆ “ನೋಡಾಣ ಸಾ” ಎಂಬುದನ್ನು ಇನ್ನೊಂದು ಸಲ ಕೇಳಬೇಕಾಗುತ್ತದೆ, ಅಷ್ಟು ಧೈರ್ಯ ನನಗಿಲ್ಲ.